ದುಡ್ಡಿನ ಟ್ಯೂಟರ್, ಪರೀಕ್ಷೆಯ ಪುಸ್ತಕ, ಪುಕ್ಕಟೆ ಲೆಕ್ಚರ್

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷ್ ಕಲಿಯಲು ಹಿಡಿದ ಈ ಮೂರರಲ್ಲಿ ನನಗೆ ದಕ್ಕಿದ್ದು ಪುಕ್ಕಟೆಯದ್ದೇ. ಆರು ತಿಂಗಳ ಟ್ಯೂಟರ್ ಪ್ಯಾಕೇಜಿಗೆ ಮುಂಗಡ ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ತಕ್ಕಡಿ ಸಮ ತೂಗುತ್ತದೆ ಅಂತ ನಿರೀಕ್ಷಿಸಬೇಡಿ.

ನನಗೆ ಬೇಕಿದ್ದದ್ದು ಹರಟೆಯ ಇಂಗ್ಲಿಷ್ ಅಲ್ಲ. ಒಂದು ಗಂಟೆಯ ಲೆಕ್ಚರ್ ಕೇಳಿ ವಾದ ಎಲ್ಲಿ ತಿರುಗಿತು ಅಂತ ಹಿಡಿಯಬೇಕು, ಸೆಮಿನಾರಿನಲ್ಲಿ ಅದರ ಮೇಲೆ ನಾಲ್ಕು ಮಾತು ಆಡಬೇಕು.

ಟ್ಯೂಟರ್ ವಿಷಯಕ್ಕೆ ಬರೋಣ. ವೀಡಿಯೊ ಕರೆ, ಅರ್ಧ ಗಂಟೆ, ನಾವಿಬ್ಬರೇ. ಒಳ್ಳೆಯ ಮನುಷ್ಯರು. ತೊಂದರೆಯಾದದ್ದೇ ಆ ಒಳ್ಳೆಯತನದಿಂದ. ನಾನು ಓದುವುದು ಮಣ್ಣು ವಿಜ್ಞಾನ. ನೈಟ್ರೇಟ್ ನೀರಿನಲ್ಲಿ ಕರಗಿ ಬೇರಿಗೆ ಎಟುಕದಷ್ಟು ಕೆಳಗಿಳಿದುಹೋಗುವುದನ್ನು ಒಂದು ದಿನ ವಿವರಿಸಲು ಹೊರಟೆ. "ದ ನೈಟ್ರೇಟ್... ವಿತ್ ದ ವಾಟರ್... ಇಟ್..." ಎಂದು ತಡಕಾಡಿದೆ. ಎರಡು ಸೆಕೆಂಡೂ ಆಗಿರಲಿಲ್ಲ, "ವಾಷಸ್ ಅವೇ! ಗ್ರೇಟ್!" ಎಂದು ಅವರೇ ವಾಕ್ಯ ಮುಗಿಸಿದರು. ನಾನೂ ಖುಷಿಯಾಗಿ ತಲೆಯಾಡಿಸಿದೆ.

ಆ ಕ್ಲಾಸಿನ ರೆಕಾರ್ಡಿಂಗ್ ಆಮೇಲೆ ಕೇಳಿ ಎಣಿಸಿದೆ: ಅರ್ಧ ಗಂಟೆಯಲ್ಲಿ 14 ಸಲ ನನ್ನ ವಾಕ್ಯಕ್ಕೆ ಅವರು ಬಾಲ ಸೇರಿಸಿದ್ದರು. ಸ್ವಲ್ಪ ಕಾಯಿರಿ ಅಂತ ಕೇಳಿಕೊಂಡೆ. ಎರಡು ಕ್ಲಾಸ್ ಕಾದರು, ಮೂರನೆಯದರಲ್ಲಿ ಮತ್ತೆ ಅದೇ ರಾಗ. ನನಗಾಗಿ ಅವರು ನಿಧಾನಕ್ಕೆ, ಬಿಡಿಬಿಡಿಯಾಗಿ ಮಾತಾಡುತ್ತಿದ್ದರು ಬೇರೆ. ಪ್ರತಿ ವಾರ ಆ ಕ್ಲಾಸಿನಲ್ಲಿ ನನ್ನ ಸ್ಕೋರ್ ಏರುತ್ತಿತ್ತು. ನಿಜವಾದ ಸೆಮಿನಾರಿನಲ್ಲಿ ಅದೇ "ಇಟ್" ಹತ್ತಿರ ಮಾತು ನಿಂತಾಗ ಇಪ್ಪತ್ತು ಜನ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಅಲ್ಲಿ ಬಾಲ ಸೇರಿಸುವವರು ಯಾರೂ ಇರಲಿಲ್ಲ. ಉಳಿದ ತಿಂಗಳುಗಳ ದುಡ್ಡು ವಾಪಸ್ ಕೇಳಿದೆ, ನಿಯಮದಲ್ಲಿ ಇಲ್ಲ ಅಂದರು.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತಯಾರಿಯ ಪುಸ್ತಕ ಅಗ್ಗ, ಅಚ್ಚುಕಟ್ಟು. ಕೇಳುವ ವಿಭಾಗದಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಆಡಿಯೊ ಕೇಳಿಸುವುದು ಒಂದೇ ಸಲ, ಕೊನೆಯ ಭಾಗ ಪುಟ್ಟ ಲೆಕ್ಚರ್. ಗಮನ ಕಟ್ಟಿಹಾಕಲು ಒಳ್ಳೆಯ ಅಭ್ಯಾಸವೇ. ಆದರೆ ಪ್ರಶ್ನೆ ಮೊದಲೇ ಕಣ್ಣ ಮುಂದಿರುತ್ತದೆ, ಉತ್ತರಗಳೂ ಅದೇ ಕ್ರಮದಲ್ಲಿ ಬರುತ್ತವೆ. ಕಾದು ಕುಳಿತು ಪದ ಹಿಡಿಯುವುದು ರೂಢಿಯಾಗುತ್ತದೆ. ಲೆಕ್ಚರಿನಲ್ಲಿ ಏನು ಮುಖ್ಯ ಅಂತ ಯಾರೂ ಚೀಟಿ ಕೊಡುವುದಿಲ್ಲ. ಪರೀಕ್ಷೆ ಬರೆಯಬೇಕಾದವರು ಕೊಳ್ಳಲಿ.

ಟೆಡ್ ಭಾಷಣಗಳನ್ನೂ ಒಂದಿಷ್ಟು ಕೇಳಿದೆ. 18 ನಿಮಿಷದೊಳಗೆ ಮುಗಿಯುವ, ಪಳಗಿಸಿದ ಮಾತು, ಪಾಠ ಹಾಗಿರುವುದಿಲ್ಲ.

ಉಳಿದದ್ದು ಎಂಐಟಿ ಓಪನ್‌ಕೋರ್ಸ್‌ವೇರ್, ಓಪನ್ ಯೇಲ್ ಕೋರ್ಸಸ್ ಥರದ ವಿಶ್ವವಿದ್ಯಾಲಯದ ತಾಣಗಳಲ್ಲಿ ಪುಕ್ಕಟೆ ಸಿಗುವ ನಿಜವಾದ ತರಗತಿಯ ರೆಕಾರ್ಡಿಂಗುಗಳು. ಮೇಷ್ಟ್ರು ಕೆಮ್ಮುತ್ತಾರೆ, ಬೋರ್ಡ್ ಕಡೆ ತಿರುಗಿ ಗೊಣಗುತ್ತಾರೆ, ಅರ್ಧ ವಾಕ್ಯ ಬಿಟ್ಟು ಹೊಸದು ಶುರುಮಾಡುತ್ತಾರೆ. ನನಗೆ ಬೇಕಿದ್ದದ್ದು ಇದೇ. ಕ್ಯಾಪ್ಷನ್ ಮುಚ್ಚಿ ಹತ್ತು ನಿಮಿಷ ಕೇಳುತ್ತೇನೆ, ನೋಟ್ಸ್ ಬರೆಯುತ್ತೇನೆ, ಆಮೇಲೆ ಲಿಖಿತ ಪ್ರತಿಯೊಂದಿಗೆ ತಾಳೆ ನೋಡುತ್ತೇನೆ. ಕ್ಯಾಪ್ಷನ್ ತೆರೆದಿಟ್ಟರೆ ಕಿವಿ ನಿದ್ದೆ ಹೋಗುತ್ತದೆ, ಕಣ್ಣು ಮಾತ್ರ ಓದುತ್ತದೆ.

ಒಂದು ತಾಳೆಯಲ್ಲಿ ಸಿಕ್ಕಿಬಿದ್ದೆ. ಗಾಳಿಯ ನೈಟ್ರೋಜನ್ ಅನ್ನು ಗಿಡ ನೇರವಾಗಿ ಬಳಸಬಲ್ಲದು ಅಂತ ನೋಟ್ಸಿನಲ್ಲಿತ್ತು. ಮಣ್ಣು ಓದಿದವನ ಕೈಯಲ್ಲಿ ಇಂಥ ಸಾಲು! ಮೇಷ್ಟ್ರು ಹೇಳಿದ್ದು ಬಳಸಲಾರದು ಅಂತ. ಅಮೆರಿಕನ್ನರ ವೇಗದ ಮಾತಿನಲ್ಲಿ 'ಕ್ಯಾನ್ಟ್' ಕೊನೆಯ 'ಟ್' ಹೆಚ್ಚುಕಡಿಮೆ ಕೇಳುವುದೇ ಇಲ್ಲ. ವ್ಯತ್ಯಾಸ ಉಳಿಯುವುದು ಸ್ವರದಲ್ಲಿ: 'ಆಗುತ್ತದೆ' ಅನ್ನುವಾಗ 'ಕ್ಯಾನ್' ಸವೆದು 'ಕನ್' ಆಗುತ್ತದೆ, 'ಆಗುವುದಿಲ್ಲ' ಅನ್ನುವಾಗ 'ಕ್ಯಾನ್' ಎಂದು ತುಂಬಾ ಒತ್ತಿ ಬರುತ್ತದೆ. ನಾವು ಕನ್ನಡದವರು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡುವವರು, ಈ ಸವೆತ ಕಿವಿಗೆ ಬೀಳಲು ಸಮಯ ಬೇಕು. ಪದಸಂಪತ್ತಿಗೆ ಅಂತ ಭಾಷಾ ಸಂಶೋಧಕಿ ಕಾಕ್ಸ್‌ಹೆಡ್ ಅವರ 570 ಪದಕುಟುಂಬಗಳ (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪು) ಅಕಾಡೆಮಿಕ್ ವರ್ಡ್ ಲಿಸ್ಟ್ ಉರುಹೊಡೆದಿದ್ದೆ. ಅದು ಬರವಣಿಗೆಯಿಂದ ಆಯ್ದದ್ದು. ಕೇಳುವಾಗ ನನ್ನನ್ನು ಎಡವಿಸಿದ್ದು ಮಾತ್ರ ಇಂಥ ಚೋಟುದ್ದದ ಪದಗಳೇ.

ಮಾತಿಗೆ 4/3/2 ಎನ್ನುವ ವಿಧಾನ ಹಿಡಿದೆ. ಒಂದೇ ವಿಷಯವನ್ನು 4 ನಿಮಿಷದಲ್ಲಿ, ಆಮೇಲೆ 3ರಲ್ಲಿ, ಆಮೇಲೆ 2ರಲ್ಲಿ ಹೇಳುವುದು. ಪ್ರತಿ ಸುತ್ತಿಗೂ ಹೊಸ ಕೇಳುಗರು ಬೇಕು ಅನ್ನುತ್ತದೆ ಪದ್ಧತಿ. ದಿನಾ ಬೆಳಗಿನ ಐದೂವರೆಗೆ ಮೂವರನ್ನು ಎಲ್ಲಿಂದ ತರಲಿ? ಫೋನಿನ ರೆಕಾರ್ಡರ್ ಮುಂದೆ ಕೂತೆ. ಮೊದಲ ಸುತ್ತಿನಲ್ಲಿ "ಇಟ್" ಆದಮೇಲೆ ಒಂಬತ್ತು ಸೆಕೆಂಡ್ ಮೌನ, ಹಿಂದೆ ಫ್ಯಾನಿನ ಸದ್ದು. ಮೂರನೆಯದರಲ್ಲಿ ಎರಡೇ ಸೆಕೆಂಡ್, ಆಮೇಲೆ "ಮೂವ್ಸ್ ಬಿಲೋ ದ ರೂಟ್ಸ್" ಅಂತ ನನ್ನದೇ ದನಿ. ರೆಕಾರ್ಡರ್ ತಪ್ಪು ತಿದ್ದುವುದಿಲ್ಲ, ಎದುರು ಪ್ರಶ್ನೆ ಹಾಕುವುದಿಲ್ಲ. ಆ ಕೊರತೆ ಸಣ್ಣದಲ್ಲ, ನನಗಿನ್ನೂ ನೀಗಿಲ್ಲ.

ಒಂಟಿಯಾಗಿ ಕೂತು ಮಾತಾಡಲು ಮೈಬಗ್ಗದವರಿಗೆ, ಕೈಯಲ್ಲಿ ದುಡ್ಡೂ ಇದ್ದರೆ, ಟ್ಯೂಟರ್ ಬೇಡ ಅನ್ನುವುದಿಲ್ಲ. ತಿಂಗಳ ಲೆಕ್ಕದಲ್ಲಿ ಮಾತ್ರ ಕಟ್ಟಿ. ನೀವು ಮಾತಾಡುವಷ್ಟು ಹೊತ್ತು ಅವರ ಮೈಕ್ ಮ್ಯೂಟ್‌ನಲ್ಲಿರಲಿ ಅಂತ ಮೊದಲ ಕ್ಲಾಸಿನಲ್ಲೇ ಹೇಳಿ.