ತುಕ್ಕು ಹಿಡಿದ ವಾಟರ್ ಸರ್ವಿಸ್ ಯಂತ್ರಗಳು ಮತ್ತು ಕೌಲ್ ಬಜಾರಿನ ಒಂದು ವರ್ಕ್‌ಶಾಪು

ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ನಮ್ಮದೊಂದು ವಾಟರ್ ಸರ್ವಿಸ್ ಇದೆ. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಕಾರುಗಳಿಗೆ ಮೆತ್ತಿದ ಅದಿರಿನ ಕೆಂಪು ಧೂಳು ತೊಳೆದ ಮೇಲೆ ನಮ್ಮ ಪಂಪು, ಪೈಪು, ಸ್ಟ್ಯಾಂಡುಗಳ ಮೇಲೆ ಕೂರುತ್ತದೆ. ಯಾವುದು ಧೂಳು, ಯಾವುದು ತುಕ್ಕು ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಎರಡೂ ಕಬ್ಬಿಣದ ಆಕ್ಸೈಡೇ ತಾನೆ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಧೂಳು ಹೋಗುತ್ತದೆ, ತುಕ್ಕು ಹಪ್ಪಳದಂತೆ ಎದ್ದು ಬರುತ್ತದೆ. ಹೀಗೆ ಉಜ್ಜಿ ನೋಡದೆ ವರ್ಷಗಟ್ಟಲೆ ಬಿಟ್ಟ ಫಲವಾಗಿ ಕಳೆದ ಬೇಸಿಗೆಯಲ್ಲಿ ಶಾಂಪೂ ನೊರೆ ಚಿಮ್ಮಿಸುವ ಫೋಮ್ ಟ್ಯಾಂಕು, ನೀರನ್ನು ಜೋರಾಗಿ ಹೊಡೆಯುವ ಪ್ಲಂಜರ್ ಪಂಪು, ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಮೂರೂ ಒಂದೇ ತಿಂಗಳಲ್ಲಿ ಕೈಕೊಟ್ಟವು. ಮೂರನ್ನೂ ಕೌಲ್ ಬಜಾರಿನ ಒಂದು ಸಣ್ಣ ಲೇತ್ ವರ್ಕ್‌ಶಾಪಿಗೆ ಕೊಟ್ಟೆ. ಎಂಟು ತಿಂಗಳು ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಫೋಮ್ ಟ್ಯಾಂಕಿನ ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ ಸೂಜಿ ಮೊನೆಯಷ್ಟು ರಂಧ್ರಗಳಾಗಿ ನೊರೆ ಹೊರಬರುತ್ತಿತ್ತು. ಸ್ಟೀಲ್ ಟ್ಯಾಂಕಿಗೆ ತುಕ್ಕು ಹೇಗೆ ಹಿಡಿಯಿತು ಎಂದು ನಾನು ಕೇಳುವ ಮೊದಲೇ ಮೇಸ್ತ್ರಿ ಮುಚ್ಚಳ ತೆಗೆದು ಮೂಸಿ, "ಶಾಂಪೂ ಜೊತಿಗೆ ಏನು ಹಾಕ್ತೀರಿ ಅಣ್ಣ?" ಎಂದರು. ನನಗೆ ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದರೆ, ವೀಲ್ ಮೇಲಿನ ಕೆಂಪು ಕಲೆ ಬೇಗ ಬಿಡಲಿ ಎಂದು ನಮ್ಮ ಹುಡುಗರು ಬಾತ್‌ರೂಮ್ ಆಸಿಡ್ಡನ್ನು ಅದೇ ಟ್ಯಾಂಕಿಗೆ ಸುರಿಯುತ್ತಿದ್ದರಂತೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ನಮ್ಮ ಟ್ಯಾಂಕಿನ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪದರವನ್ನು ಅದು ಒಡೆದು, ಅಲ್ಲಲ್ಲಿ ಚುಚ್ಚಿದಂತೆ ಒಳಕ್ಕೆ ಕೊರೆಯುತ್ತದೆ. ಬೋರಿನ ಉಪ್ಪು ನೀರಿನಲ್ಲಿರುವ ಕ್ಲೋರೈಡು ಮಾಡುವುದೂ ಇದೇ ಕೆಲಸ, ನಿಧಾನವಾಗಿ. ಮಾಲಿಬ್ಡಿನಂ ಸೇರಿದ 316 ದರ್ಜೆಯ ಟ್ಯಾಂಕು ಹೆಚ್ಚು ತಾಳುತ್ತದೆ, ಆದರೆ ಆಸಿಡ್ ಸುರಿಯುವುದು ನಿಲ್ಲದಿದ್ದರೆ ಅದೂ ಉಳಿಯುವುದಿಲ್ಲ ಎಂದು ಅವರು ಹೇಳಿದರು. ದುಬಾರಿ ಟ್ಯಾಂಕು ಮಾರುವ ಅವಕಾಶ ಬಿಟ್ಟುಕೊಟ್ಟ ಈ ಮಾತಿನಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು. ಉಳಿದ ತಗಡು ಗಟ್ಟಿಯಾಗಿದ್ದುದರಿಂದ ಆರ್ಗಾನ್ ವೆಲ್ಡಿಂಗ್ ಮಾಡಿ, ಶಾಖಕ್ಕೆ ನೀಲಿಗಟ್ಟಿದ ಜಾಗವನ್ನು ಆ ಕಲೆ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆದರು. ನಾವು 4 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡದಲ್ಲಿ ಬಳಸುವ ಟ್ಯಾಂಕಿಗೆ ಗಾಳಿಯ ಬದಲು ಕಂಠಮಟ್ಟ ನೀರು ತುಂಬಿ, 6 ಕೆ.ಜಿ. ಒತ್ತಡ ಕೊಟ್ಟು ಅರ್ಧ ಗಂಟೆ ಇಟ್ಟು ತೋರಿಸಿದರು.

ಪಂಪಿನ ಆಯಿಲ್ ಗಾಜಿನಲ್ಲಿ ಮಜ್ಜಿಗೆಯಂತೆ ಬೆಳ್ಳಗೆ ಕಾಣುತ್ತಿತ್ತು, ಅಂದರೆ ಸವೆದ ಸೀಲುಗಳನ್ನು ದಾಟಿ ನೀರು ಒಳಗೆ ಇಳಿದಿತ್ತು. ಸೀಲ್ ಕಿಟ್, ಕಂದು ಬಣ್ಣಕ್ಕೆ ತಿರುಗಿದ್ದ ಬೇರಿಂಗು ಮತ್ತು ಆಯಿಲ್ ಬದಲಾದವು. ಸೆರಾಮಿಕ್ ಪ್ಲಂಜರುಗಳು ಚೆನ್ನಾಗಿವೆ ಎಂದು ಹಾಗೆಯೇ ಉಳಿಸಿದರು. ನೀರು ಎಳೆದುಕೊಳ್ಳುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತಿರುಪು ಗೆರೆಗಳು ಪಂಪಿನ ಹಿತ್ತಾಳೆ ಹೆಡ್ಡಿಗೆ ಕೂಡುವ ಕಡೆ ಮಾತ್ರ ಪುಡಿಯಾಗಿದ್ದವು. ಒದ್ದೆಯಲ್ಲಿ ಹಿತ್ತಾಳೆಗೆ ತಾಗಿದ ಕಬ್ಬಿಣ ಬೇಗ ಸವೆಯುವುದರಿಂದ, ಅಷ್ಟು ಭಾಗಕ್ಕೆ ಪ್ಲಾಸ್ಟಿಕ್ ಪೈಪು ಹಾಕಿದರು. ಪಂಪಿನ ಸ್ಟ್ಯಾಂಡಿನ ಕೆಲಸ ಇನ್ನೂ ಅಚ್ಚುಕಟ್ಟು. ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಬಣ್ಣ ಬಳಿಯುವ ನಮ್ಮ ಹಳೆಯ ಪದ್ಧತಿಯನ್ನು ಬಿಡಿಸಿ, ಗ್ರೈಂಡರಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಜಿಂಕ್ ಪ್ರೈಮರ್ ಮೇಲೆ ಎಪಾಕ್ಸಿ ಬಣ್ಣ ಹೊಡೆದು, ನೀರು ನಿಲ್ಲದಂತೆ ಕಾಲುಗಳನ್ನು ಸಿಮೆಂಟ್ ದಿಮ್ಮಿಗಳ ಮೇಲೆ ಕೂರಿಸಿದರು.

ಜಗಳಕ್ಕೆ ಬಂದದ್ದು ಕಂಪ್ರೆಸರಿನ ವಿಷಯದಲ್ಲಿ. ಹಿಂದೊಮ್ಮೆ ಬೇರೊಬ್ಬರು ಅದರ ಗಾಳಿ ಟ್ಯಾಂಕಿನ ತಳಕ್ಕೆ ತೇಪೆ ಹಚ್ಚಿ ಬಣ್ಣ ಬಳಿದು ಕೊಟ್ಟಿದ್ದರು. ಈ ಮೇಸ್ತ್ರಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಂತೆ ಮೇಲ್ಭಾಗ ಗಂಟೆಯಂತೆ ನುಡಿಯಿತು, ತಳ ಒಡೆದ ಮಡಕೆಯಂತೆ. ಗಾಳಿಯ ತೇವ ಒಳಗೆ ತಣಿದು ನೀರಾಗಿ ತಳದಲ್ಲಿ ನಿಂತು, ತಗಡನ್ನು ಒಳಗಿನಿಂದಲೇ ತಿಂದಿತ್ತು. ಅದನ್ನು ಹೊರಬಿಡುವ ಡ್ರೈನ್ ಕಾಕ್ ಜಾಮ್ ಆಗಿ ಎಷ್ಟು ಕಾಲವಾಗಿತ್ತೋ. "ಇದಕ್ಕ ವೆಲ್ಡಿಂಗ್ ಹೊಡೆದ್ರ ನಿಮ್ಮ ಹುಡುಗ್ರ ಪಕ್ಕದಾಗ ಬಾಂಬ್ ಇಟ್ಟಂಗ" ಎಂದು ಕೆಲಸವನ್ನೇ ನಿರಾಕರಿಸಿದರು. ಹೊಸ ಟ್ಯಾಂಕಿಗೆ 16,500 ರೂಪಾಯಿ ತೆರುವಾಗ ಸಿಟ್ಟು ಬಂದದ್ದು ನಿಜ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ತೇಪೆಯ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದೆ. ಅದು ಸಲೀಸಾಗಿ ಒಳಗೆ ಹೋಯಿತು. ಈಗ ದಿನವೂ ಸಂಜೆ ಕಾಕ್ ತಿರುಗಿಸಿ ನೀರು ಬಿಡುವುದು ನನ್ನದೇ ಕೆಲಸ.

ದೂರುಗಳೂ ಇವೆ. ನಾಲ್ಕು ದಿನ ಎಂದ ಪಂಪು ಹನ್ನೊಂದನೆಯ ದಿನ ಬಂತು, ಫೋನು ಮಾಡಿದಾಗಲೆಲ್ಲ "ಸಂಜಿಗೆ ಕೊಡ್ತೀನಿ" ಎಂಬ ಒಂದೇ ಉತ್ತರ. ಬಿಲ್ಲಿನಲ್ಲಿ ಸಾಮಾನೆಷ್ಟು, ಕೂಲಿಯೆಷ್ಟು ಎಂಬ ವಿವರವಿಲ್ಲ. ತೆಗೆದ ಹಳೆಯ ಸೀಲು, ಬೇರಿಂಗುಗಳನ್ನು ಕೇಳಿದರಷ್ಟೇ ಕೊಡುತ್ತಾರೆ. ಗಾಡಿ ಎತ್ತುವ ಹಾಯ್ಸ್ಟಿನ ರಾಡಿನ ಮೇಲೆ ಈಗ ಕಂದು ಚುಕ್ಕೆಗಳು ಕಾಣಿಸಿಕೊಂಡಿದ್ದು, ಅದನ್ನೂ ಅಲ್ಲಿಗೇ ಒಯ್ಯುವವನಿದ್ದೇನೆ, ಆದರೆ ಆಯುಧ ಪೂಜೆ ಮುಗಿದ ಮೇಲೆ. ಆ ವಾರ ಊರಿನ ಗಾಡಿಗಳೆಲ್ಲ ನಮ್ಮ ಬಾಗಿಲಲ್ಲಿ ಸಾಲು ನಿಂತಿರುವಾಗ, ಈ ಮೇಸ್ತ್ರಿಯ "ಸಂಜಿ"ಯನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.