ನೆಲಮಾಳಿಗೆಯ ವೈನ್ ಬಾರಿಗೆ ಹೋಗುವವರು ಮೊದಲು ಅಳತೆ ಕೇಳಿರಿ

ಕಳೆದ ಶನಿವಾರ ರಾತ್ರಿ ಧಾರವಾಡದ ಹಳೆಯ ಕಲ್ಲಿನ ವಾಡೆಯೊಂದರ ನೆಲಮಾಳಿಗೆಯಲ್ಲಿರುವ ವೈನ್ ಬಾರಿನಲ್ಲಿ ನನಗಾದ ಮೋಸವನ್ನು, ಸಿಟ್ಟು ಇನ್ನೂ ಇಳಿಯದಿರುವಾಗಲೇ ಬರೆಯುತ್ತಿದ್ದೇನೆ. ಇನ್ನೊಬ್ಬರು ಅದೇ ಮೆಟ್ಟಿಲು ಇಳಿದು ನನ್ನಂತೆಯೇ ಮೋಸಹೋಗಬಾರದು.

ಕರ್ನಾಟಕ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯ ಬಹಳ ವರ್ಷಗಳ ನಂತರ ಪುಣೆಯಿಂದ ಬಂದಿದ್ದ. ಅವನನ್ನು ಒಳ್ಳೆಯ ಕಡೆಗೆ ಕರೆದೊಯ್ಯಬೇಕೆಂದು ನಾನೇ ಆ ಜಾಗವನ್ನು ಆರಿಸಿದೆ. ಜಾಗ ಸುಂದರವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ತಗ್ಗಾದ ಕಮಾನುಗಳು, ಗಾರೆ ಉದುರಿದ ಕಲ್ಲಿನ ಗೋಡೆ, ಮೂಲೆಯಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿಗೆ ಗಾಜು ಮುಚ್ಚಿ ಒಳಗೆ ದೀಪ ಇಟ್ಟಿದ್ದಾರೆ. ಮೇಜಿಗೆ ಒಂದೇ ಮೇಣದಬತ್ತಿ. ಆ ಬೆಳಕಿನಲ್ಲಿ ಓದಲು ಕೊಟ್ಟದ್ದು ಕಪ್ಪು ಹಾಳೆಯ ಮೇಲೆ ಬೂದು ಅಕ್ಷರದ ಮೆನು. ವಿಜಯಪುರದ ದ್ರಾಕ್ಷಿಯ ಕೆಂಪು ವೈನಿನ ಎದುರು 450 ರೂಪಾಯಿ ಎಂದಿತ್ತು. ಗ್ಲಾಸಿಗೆ 450 ಎಂದೇ ಯಾರಾದರೂ ತಿಳಿಯುತ್ತಾರೆ. ನಾವೂ ಹಾಗೆಯೇ ತಿಳಿದು ಎರಡೆರಡು ಗ್ಲಾಸು ಹೇಳಿದೆವು.

ಬಾಟಲಿಯನ್ನು ಮೇಜಿಗೆ ತಂದು ತೆರೆಯಲಿಲ್ಲ, ಒಳಗಿನಿಂದಲೇ ತುಂಬಿಸಿ ತಂದರು. ಬಾಯಿಗೆ ಹಿಡಿದರೆ ವಿನೆಗರಿನ ವಾಸನೆ. ತೆರೆದಿಟ್ಟ ವೈನು ಕೆಲವೇ ದಿನಗಳಲ್ಲಿ ಹುಳಿಯಾಗುತ್ತದೆ ಎಂಬುದು ಗೊತ್ತಿದ್ದೇ ಕೇಳಿದೆ. “ಹಳೇ ವೈನ್ ಅಂದ್ರ ಹಿಂಗ ಇರ್ತೈತ್ರೀ ಸರ” ಎಂಬ ಉತ್ತರ ಬಂತು. ಗೆಳೆಯನ ಮುಂದೆ ಜಗಳ ಬೇಡವೆಂದು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಬಿಲ್ಲಿನಲ್ಲಿ ವೈನಿಗೆ 4,500, ಊಟಕ್ಕೆ 1,260, ಸೇವಾ ಶುಲ್ಕ 576, ಇವೆಲ್ಲದರ ಮೇಲೆ ಜಿಎಸ್‌ಟಿ. ಒಟ್ಟು 6,653 ರೂಪಾಯಿ! ನಾಲ್ಕು ಗ್ಲಾಸಿಗೆ 1,800 ಆಗಬೇಕಲ್ಲ ಎಂದು ಕೇಳಿದರೆ ಮ್ಯಾನೇಜರ್, “450 ಅನ್ನೋದು 60 ಎಂ.ಎಲ್.ಗೆ ರೀ. ಮೆನುದಾಗ ಬರ್ದೈತಲ್ರೀ, ನೀವು ಓದಲಿಲ್ಲಂದ್ರ ನಾವೇನ್ ಮಾಡೂಣ್ರಿ?” ಎಂದರು. ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಪುಟದ ತೀರ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅದು ನಿಜವಾಗಿಯೂ ಇತ್ತು. ಆ ಕ್ಷಣ ನನಗಾದ ಅವಮಾನವನ್ನು ಹೇಗೆ ಹೇಳಲಿ? 750 ಎಂ.ಎಲ್. ಬಾಟಲಿಯಲ್ಲಿ 150 ಎಂ.ಎಲ್.ನ ಐದು ಗ್ಲಾಸು ಎಂಬುದು ಸಾಮಾನ್ಯ ಲೆಕ್ಕ. ವಿಸ್ಕಿಯ ಪೆಗ್ಗಿನ ಅಳತೆಯನ್ನು ವೈನಿಗೆ ಹಚ್ಚಿ ನಮ್ಮ ನಾಲ್ಕು ಗ್ಲಾಸುಗಳನ್ನು ಹತ್ತು ಪೆಗ್ ಮಾಡಿದ್ದರು.

ಕುಡಿಯುವ ಮದ್ಯ ಜಿಎಸ್‌ಟಿ ವ್ಯಾಪ್ತಿಗೇ ಬರುವುದಿಲ್ಲ. ಊಟದ ಮೇಲೆ ಶೇ 5ರಂತೆ 63 ರೂಪಾಯಿ ಆಗಬೇಕಿತ್ತು. “ಅದು ಕಂಪ್ಯೂಟರ್ ತಾನ ಹಾಕ್ತೈತ್ರೀ” ಎಂದರು. ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ ಎಂದು ದನಿ ಏರಿಸಿದ ಮೇಲೆ ಅದೊಂದನ್ನು ತೆಗೆದರು. ಉಳಿದ 6,048 ರೂಪಾಯಿ ಕೊಟ್ಟೇ ಮೇಲೆ ಬಂದೆವು. ನಾನು ವಾದಿಸುತ್ತಿದ್ದಾಗಲೇ ಗೆಳೆಯ ಮಾತಿಲ್ಲದೆ 3,024 ರೂಪಾಯಿ ನನ್ನ ಫೋನಿಗೆ ಹಾಕಿದ್ದ. ಕರೆದುಕೊಂಡು ಹೋದವನು ನಾನು, ಅರ್ಧ ಕೊಟ್ಟವನು ಅವನು.

ಬಿಲ್ಲು ಇಟ್ಟುಕೊಂಡಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಹೋಗುವುದೇ ಆದರೆ ಬೆಲೆ ಎಷ್ಟು ಎಂ.ಎಲ್.ಗೆ ಎಂದು ಬಾಯಿಬಿಟ್ಟು ಕೇಳಿರಿ, ಬಾಟಲಿಯನ್ನು ಕಣ್ಣೆದುರೇ ತೆರೆಸಿರಿ. ಮೆನುವಿನ ಫೋಟೋವನ್ನು ಆರ್ಡರ್ ಕೊಡುವ ಮೊದಲೇ ತೆಗೆದಿಟ್ಟುಕೊಳ್ಳಿರಿ. ಬಿಲ್ಲು ಬಂದ ಮೇಲೆ ನಾನು ತೆಗೆಯಲು ಹೋದಾಗ ಮ್ಯಾನೇಜರ್ ಕೈ ಅಡ್ಡ ಹಿಡಿದು ಮೆನುವನ್ನೇ ಒಳಗೆ ಒಯ್ದರು.