ನಲ್ ಮೋಡೆಮ್ ಕೇಬಲ್: ಮೂರು ವೈರೋ, ಏಳು ವೈರೋ?

ಎರಡು ಪಿಸಿಗಳ 9 ಪಿನ್ ಸೀರಿಯಲ್ ಪೋರ್ಟುಗಳನ್ನು ನಡುವೆ ಮೋಡೆಮ್ ಇಲ್ಲದೆ ನೇರವಾಗಿ ಜೋಡಿಸುವ ನಲ್ ಮೋಡೆಮ್ ಕೇಬಲನ್ನು ಮೂರು ಬಗೆಯಲ್ಲಿ ಕಟ್ಟಬಹುದು. ಮೂರನ್ನೂ ಕಟ್ಟಿ ನೋಡಿದ ಮೇಲೆ ನಮ್ಮ ವೋಟು ಏಳು ವೈರಿಗೆ. ಬೆಸುಗೆ ಹೆಚ್ಚು, ತಲೆನೋವು ಕಡಿಮೆ.

ಮೂರು ವೈರಿನದು ಸುಲಭ: 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ (2 ಬೈಟು ಬರುವ ಪಿನ್, 3 ಕಳಿಸುವ ಪಿನ್, 5 ಗ್ರೌಂಡ್). ಆರೇ ಬೆಸುಗೆ. ಆದರೆ ಎರಡೂ ಕಡೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (‘ಕಳಿಸು’, ‘ನಿಲ್ಲು’ ಎಂದು ಪಿನ್ನುಗಳ ಮೂಲಕವೇ ಹೇಳುವ ಏರ್ಪಾಡು) ಆಫ್ ಇರಬೇಕು. ಸೀರಿಯಲ್ ಪೋರ್ಟಿನ ಮೂಲಕ ಮಾತಾಡುವ ಪ್ರೋಗ್ರಾಮ್ ಮಿನಿಕಾಮ್‌ನಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಕೀಲಿ ಎಷ್ಟು ಒತ್ತಿದರೂ ಅಕ್ಷರ ಆಚೆ ಹೋಗುವುದಿಲ್ಲ, ಯಾಕೆಂದರೆ 8ನೇ ಪಿನ್ನಿಗೆ ಯಾರೂ ‘ಕಳಿಸು’ ಅಂದಿಲ್ಲ. ಕೇಬಲ್ ಬಿಚ್ಚುವ ಮೊದಲು ಆ ಸೆಟ್ಟಿಂಗ್ ನೋಡಿ.

ಎರಡನೆಯದು ಇದೇ ಮೂರು ವೈರು, ಜೊತೆಗೆ ಎರಡೂ ತುದಿಯಲ್ಲಿ 7–8 ಶಾರ್ಟ್ (ಅಂದರೆ ಒಂದಕ್ಕೊಂದು ಜೋಡಣೆ), 1–4–6 ಶಾರ್ಟ್. 7 ‘ಕಳಿಸಲೇ?’ ಎನ್ನುವ ಪಿನ್, 8 ಅದಕ್ಕೆ ಉತ್ತರ ಬರುವ ಪಿನ್; 4 ‘ನಾನು ತಯಾರು’ ಎನ್ನುತ್ತದೆ, 6 ಮತ್ತು 1 ಆ ಕಡೆ ತಯಾರಿದೆಯೇ ಎಂದು ನೋಡುತ್ತವೆ. ಸಾಫ್ಟ್‌ವೇರ್ ತಕರಾರಿಲ್ಲದೆ ಓಡುತ್ತದೆ. ಮೋಸ ಇರುವುದೇ ಅಲ್ಲಿ: ಯಂತ್ರ ತನ್ನನ್ನೇ ‘ಕಳಿಸಲೇ?’ ಎಂದು ಕೇಳಿ ತಾನೇ ‘ಹೂಂ’ ಅಂದುಕೊಳ್ಳುತ್ತದೆ, ಆ ಕಡೆಯದು ತಯಾರಿಲ್ಲದಿದ್ದರೂ ಕಳಿಸುತ್ತಲೇ ಇರುತ್ತದೆ. 1,15,200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಬೈಟಿಗೆ ಸಿಗುವುದು 87 ಮೈಕ್ರೋಸೆಕೆಂಡ್. ಪೋರ್ಟಿನಲ್ಲಿರುವುದು 16550ಎ ಚಿಪ್ಪಾದರೆ ಅದರಲ್ಲಿ 16 ಬೈಟಿಗೆ ಜಾಗವಿದೆ. ಹಳೆಯ 8250ರಲ್ಲಿ ಬಂದ ಬೈಟನ್ನು ಎತ್ತಿಕೊಳ್ಳುವುದು ತಡವಾದರೆ ಮುಂದಿನದು ಅದರ ಮೇಲೇ ಕೂರುತ್ತದೆ. ಝೆಡ್‌ಮೋಡೆಮ್ (ಫೈಲ್ ಕಳಿಸುವ ಪ್ರೊಟೊಕಾಲ್) ಆದರೆ ತಪ್ಪು ಹಿಡಿದು ಮತ್ತೆ ತರಿಸಿಕೊಳ್ಳುತ್ತದೆ. ಬರೀ ಟೆಕ್ಸ್ಟ್ ಕಳಿಸಿದರೆ ನಡುನಡುವೆ ಅಕ್ಷರ ಮಾಯ, ಎರರ್ ಮೆಸೇಜೂ ಇಲ್ಲ. ಮೂರರಲ್ಲಿ ನಮಗೆ ತೀರಾ ಹಿಡಿಸದ್ದು ಇದೇ.

ಏಳು ವೈರಿನಲ್ಲಿ 2–3, 3–2, 5–5ರ ಮೇಲೆ 7–8, 8–7, 4–6, 6–4. ಪ್ರತಿ ತುದಿಯಲ್ಲೂ 6ರಿಂದ 1ಕ್ಕೆ ಒಂದು ಚಿಕ್ಕ ತುಂಡು. 9 ಖಾಲಿ. ಈ ಕಡೆ ಬಫರ್ (ಬಂದ ಬೈಟು ಕಾಯುವ ಜಾಗ) ತುಂಬುತ್ತಾ ಬಂದಾಗ 7 ಇಳಿಯುತ್ತದೆ, ಅದು ಆ ಕಡೆಯ 8ಕ್ಕೆ ಮುಟ್ಟಿ ಆ ಕಡೆಯದು ನಿಜಕ್ಕೂ ನಿಲ್ಲುತ್ತದೆ. ಕ್ಯಾಟ್5 (ನೆಟ್‌ವರ್ಕ್) ಕೇಬಲ್ ಸಾಕು: ಎಂಟು ವೈರಿನಲ್ಲಿ ಉಳಿದದ್ದನ್ನೂ 5ಕ್ಕೇ ಹಾಕಿ. 2, 3ರ ವೈರುಗಳು ಮಾತ್ರ ಒಂದೇ ಹೆಣಿಗೆಯಲ್ಲಿ ಬೇಡ.

ಎರಡೂ ತುದಿಗೆ ಫೀಮೇಲ್ ಕನೆಕ್ಟರ್. ಬೆಸುಗೆ ಹಾಕುವ ಹಿಂಬದಿಯಲ್ಲಿ ಅಂಕಿಗಳ ಸಾಲು ತಿರುವುಮುರುವು. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಸಣ್ಣ ಅಂಕಿ ಓದಿಯೇ ಕಾಯಿಸಿ. ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಕೊಳವೆ) ತುಂಡನ್ನು ಮೊದಲೇ ವೈರಿಗೆ ತೂರಿಸಿಡಿ (ಹದಿನಾಲ್ಕನೇ ಬೆಸುಗೆ ಮುಗಿದ ಮೇಲೆ ನೆನಪಾಗುವುದು ಅದೇ).

ಅಂಗಡಿಯ ಕೇಬಲ್ ಕ್ರಾಸೋ (ಒಳಗೆ 2, 3 ಅದಲುಬದಲಾದದ್ದು) ನೇರವೋ ಎಂದು ಹೊರಗಿನಿಂದ ತಿಳಿಯದು. ಒಂದೇ ತುದಿಯನ್ನು ಪಿಸಿಗೆ ಹಾಕಿ, ಇನ್ನೊಂದು ತುದಿಯಲ್ಲಿ ಮೀಟರಿನ ಕಪ್ಪು ಕಡ್ಡಿಯನ್ನು 5ಕ್ಕೆ ಇಡಿ. ಕೆಂಪು ಕಡ್ಡಿಗೆ 2ರಲ್ಲಿ ಮೈನಸ್ 5ರಿಂದ 12 ವೋಲ್ಟ್ ಸಿಕ್ಕರೆ ಕ್ರಾಸ್, 3ರಲ್ಲಿ ಸಿಕ್ಕರೆ ನೇರ.

ಪೋರ್ಟ್ ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ನಡೆಯುತ್ತದೆ. 3.3 ಅಥವಾ 5 ವೋಲ್ಟಿನ ಟಿಟಿಎಲ್ (ಕಡಿಮೆ ವೋಲ್ಟಿನ ಸಿಗ್ನಲಿನ) ಬೋರ್ಡನ್ನು ಮಾತ್ರ ಈ ಕೇಬಲಿಗೆ ನೇರ ಚುಚ್ಚಬೇಡಿ, ಸುಟ್ಟುಹೋದೀತು. ವೇಗ ಮೂರು ಬಗೆಯ ಕೇಬಲಿನಲ್ಲೂ ಒಂದೇ: 1,15,200ರಲ್ಲಿ 1 ಎಂಬಿಗೆ ಕಡಿಮೆಯೆಂದರೂ 91 ಸೆಕೆಂಡ್, 9600ರಲ್ಲಿ 18 ನಿಮಿಷ.